ದೊಡ್ಡಕ್ಕನ ಕೆಂಪು ದಾರ

ದೊಡ್ಡಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಅನ್ನುತ್ತಾರೆ. ಸುಳ್ಳು. ಮೂಗಿನ ತನಕ ಹತ್ತಿ ಹೋಗುವಷ್ಟು ಪುರುಸೊತ್ತು ಆ ಸಿಟ್ಟಿಗೆ ಎಲ್ಲಿತ್ತು? ಅದರ ವಾಸವೆಲ್ಲ ನಾಲಿಗೆಯ ಮೇಲೆ. ಬೆಳಗ್ಗೆ ಕಾರ್ಖಾನೆಯ ಮೆಟ್ಟಿಲು ಹತ್ತಿ ಬಂದಳು ಅಂದರೆ, ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟವರಿಗೆ ಮೊದಲ ಮಂಗಳಾರತಿ, ಕಿಟಕಿ ತೆಗೆಯದವರಿಗೆ ಎರಡನೆಯದು. ಅವರ್ಯಾರೂ ಸಿಗದಿದ್ದರೆ ಓರಗಿತ್ತಿಗೆ. ಓರಗಿತ್ತಿ ಹೇಗೂ ಸಿಕ್ಕೇ ಸಿಗುತ್ತಿದ್ದಳು, ಯಾಕೆಂದರೆ ಇಬ್ಬರೂ ಒಂದೇ ಮನೆಯಿಂದ ಒಂದೇ ದಾರಿಯಲ್ಲಿ ಬರುತ್ತಿದ್ದರು.

ಅಣ್ಣತಮ್ಮಂದಿರನ್ನು ಮದುವೆಯಾದವರು ಅವರು. ಕಾರ್ಖಾನೆಯ ಹೆಂಗಸರು ಒಬ್ಬಳನ್ನು ದೊಡ್ಡಕ್ಕ, ಇನ್ನೊಬ್ಬಳನ್ನು ಚಿಕ್ಕಕ್ಕ ಅಂತ ಕರೆಯುತ್ತಿದ್ದರು. ಚಿಕ್ಕಕ್ಕ ತುಟಿ ಪಿಟಕ್ಕೆನ್ನುವವಳಲ್ಲ. ದೊಡ್ಡಕ್ಕ ಒಂದು ಗಂಟೆ ಬೈದರೆ ಇವಳದ್ದು ಒಂದು ‘ಹೂಂ ಅಕ್ಕ’. ಆ ‘ಹೂಂ’ ಕೇಳಿ ದೊಡ್ಡಕ್ಕನ ಮೈ ಇನ್ನಷ್ಟು ಉರಿಯುತ್ತಿತ್ತು. ‘ಗೋಡೆಗೆ ಬೈದಿದ್ರೆ ಅದಾದ್ರೂ ತಿರುಗಿಸಿ ಹೇಳ್ತಿತ್ತು’ ಅನ್ನುತ್ತಿದ್ದಳು.

ಕಾರ್ಖಾನೆ ಅಂದ ತಕ್ಷಣ ಹೊಗೆಕೊಳವೆ, ಸೈರನ್ನು ಅಂತ ಏನೇನೋ ಊಹಿಸಿಕೊಳ್ಳಬೇಡಿ. ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಅಷ್ಟೆ. ಕಿಟಕಿಯ ಪಕ್ಕಕ್ಕೆ ಸಾಲಾಗಿ ಮೇಜು, ಮೇಜಿನ ಅಂಚಿಗೆ ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟ ಪುಟ್ಟ ಇಕ್ಕಳ, ನೆಲದ ತುಂಬ ಹಾರಾಡುವ ಗರಿ ಚೂರು. ಕೆಳಗಿನಿಂದ ಬ್ರೆಡ್ಡು ಬೇಯುವ ವಾಸನೆ ಬರುತ್ತಿತ್ತು, ಹನ್ನೊಂದಕ್ಕೇ ಎಲ್ಲರಿಗೂ ಹೊಟ್ಟೆ ಹಸಿಯುತ್ತಿತ್ತು. ಅಲ್ಲಿ ಹೆಂಗಸರು ಕೂತು ಮೀನುಗಾಳದ ಕೊಕ್ಕೆಗೆ ಕೂದಲು, ಗರಿ, ದಾರ ಸುತ್ತಿ ನೊಣ ಮಾಡುತ್ತಿದ್ದರು.

ನೊಣವೇ, ಸರಿಯಾಗೇ ಕೇಳಿಸಿಕೊಂಡಿರಿ. ಹರಿಯುವ ತಣ್ಣೀರಿನ ಕೆಲವು ಮೀನುಗಳಿಗೆ ನೀರಿನ ಮೇಲೆ ಬಂದು ಕೂತ ಹುಳು ಅಂದರೆ ಪ್ರಾಣ. ಅಂಥ ಮೀನು ಹಿಡಿಯುವ ಶೋಕಿಯವರು ಎರೆಹುಳು ಮುಟ್ಟುವುದಿಲ್ಲ, ಹುಳುವಿನಂತೆ ಕಾಣುವ ಈ ಕಟ್ಟಿದ ನೊಣವನ್ನು ದಾರದ ತುದಿಗೆ ಕಟ್ಟಿ ನೀರಿಗೆ ಬೀಸುತ್ತಾರೆ. ನೊಣ ತೇಲಿದರೆ ಮೀನು ಮೇಲೆ ಬರುತ್ತದೆ. ಮುಳುಗಿದರೆ ಅದು ನೊಣವೂ ಅಲ್ಲ, ಏನೂ ಅಲ್ಲ, ಬರೀ ಕಸ. ಕೊಕ್ಕೆಯೋ ಉಕ್ಕಿನದು, ಕೈಬಿಟ್ಟರೆ ಸೀದಾ ತಳ ಸೇರುವಂಥದ್ದು. ಅದನ್ನು ಹೊತ್ತುಕೊಂಡು ತೇಲಬೇಕಾದ್ದು ನೊಣದ ಮೈ. ಆ ಮೈಗೆ ಯಾವ ಕೂದಲು, ಯಾವ ಗರಿ ಅಂತ ಆರಿಸುವುದೇ ದೊಡ್ಡಕ್ಕನ ಕೆಲಸ.

ಬಾಗಿಲಿಗೆ ಎದುರಾಗಿ ಒಂದು ಅಗಲವಾದ ಮೇಜು, ಅದರ ಹಿಂದೆ ಒಂದು ಕೈಯುಳ್ಳ ಕುರ್ಚಿ. ಇಡೀ ಕೋಣೆಯಲ್ಲಿ ಕೈಯುಳ್ಳ ಕುರ್ಚಿ ಅದೊಂದೇ. ಮಾಲೀಕನ ಅಪ್ಪ, ಅಂದರೆ ಹಳೇ ಯಜಮಾನರು, ದೊಡ್ಡಕ್ಕನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು. ಮದುವೆಯಾದ ಹೊಸದರಲ್ಲಿ ಕೆಲಸ ಕೇಳಿಕೊಂಡು ಬಂದಿದ್ದ ಹುಡುಗಿ ಅವಳು. ತವರಿನಲ್ಲಿ ಅಪ್ಪನದ್ದು ಬಟ್ಟೆ ಅಂಗಡಿ, ಕಣ್ಣು ಮುಚ್ಚಿ ಬಟ್ಟೆ ಸವರಿ ಇದು ಬೆರಕೆ, ಇದು ಅಪ್ಪಟ ಅಂತ ಹೇಳುವುದು ಅವಳಿಗೆ ಆಟ. ಯಜಮಾನರು ಎರಡು ಚಿಟಿಕೆ ಜಿಂಕೆ ಕೂದಲು ಕೈಗಿಟ್ಟು, ‘ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ ನೋಡಮ್ಮ’ ಅಂದರಂತೆ. ಹುಡುಗಿ ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ, ‘ಇದರೊಳಗೆ ಗಾಳಿ ಇದೆ. ಇದರಲ್ಲಿಲ್ಲ’ ಅಂದಳಂತೆ. ಯಜಮಾನರು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು.

ನಿಜ ಅದು. ಸಾಕಿದ ಜಿಂಕೆಗಳ ಚರ್ಮ ತುಂಡು ತುಂಡಾಗಿ ಮೂಟೆಯಲ್ಲಿ ಬರುತ್ತಿತ್ತು. ಬೆನ್ನಿನ ಮೇಲೆ ಚಳಿಗಾಲದಲ್ಲಿ ಬೆಳೆದ ಕೂದಲು ಒಳಗೆಲ್ಲ ಟೊಳ್ಳು, ಗಾಳಿ ತುಂಬಿಕೊಂಡಿರುತ್ತದೆ. ಕಾಲಿನ ಕಡೆಯದು ಗಟ್ಟಿ. ತುಂಡುಗಳೆಲ್ಲ ಬೆರೆತ ಮೇಲೆ ಕಣ್ಣಿಗೆ ಎರಡೂ ಒಂದೇ ಥರ. ಬೆರಳಲ್ಲಿ ಒತ್ತಿದರೆ ಟೊಳ್ಳು ಕೂದಲು ಮೆತ್ತಗೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ, ಗಟ್ಟಿ ಕೂದಲು ತಂತಿಯಂತೆ ಉರುಳುತ್ತದೆ. ಬೇರೆಯವರು ಭೂತಗನ್ನಡಿ ಹಿಡಿದು ಒಂದೊಂದೇ ನೋಡಿ ಹೇಳುವಷ್ಟರಲ್ಲಿ ದೊಡ್ಡಕ್ಕ ಒಂದು ಮೂಟೆ ಮುಗಿಸಿ ನಾಲ್ಕು ಜನಕ್ಕೆ ಬೈದು ಮುಗಿಸುತ್ತಿದ್ದಳು. ಪಾಸಾದ ಕೂದಲನ್ನು ಸಣ್ಣ ಕಟ್ಟು ಮಾಡಿ ಕೆಂಪು ದಾರ ಸುತ್ತುವುದು ಅವಳ ಪದ್ಧತಿ. ಕೆಂಪು ದಾರ ಕಂಡರೆ ಮುಗಿಯಿತು, ಆಮೇಲೆ ಯಾರೂ ಕೇಳುವಂತಿಲ್ಲ. ಆ ಕಟ್ಟುಗಳೆಲ್ಲ ಹೋಗುತ್ತಿದ್ದದ್ದು ಚಿಕ್ಕಕ್ಕನ ಮೇಜಿಗೆ.

ಹೊಸಬರು ಬಂದರೆ ಅವರಿಗೆ ಪಾಠವೂ ಅವಳದ್ದೇ. ‘ಉಣ್ಣೆ ಹಾಕ್ಬೇಡ. ಅದು ಕುಡುಕ. ಒಂದೇ ಗುಟುಕಿಗೆ ಹೊಟ್ಟೆ ತುಂಬ ಕುಡಿದು ಮಲಗಿಬಿಡುತ್ತೆ. ಸೋಫಾದ ಸ್ಪಂಜೂ ಅದೇ ಜಾತಿ. ಚಪ್ಪಲಿಯ ಮೆತ್ತನೆ ರಬ್ಬರು ತೇಲುತ್ತೆ, ಯಾಕೆ ಹೇಳು? ಅದರ ಗುಳ್ಳೆಗಳ ಬಾಯಿ ಮುಚ್ಚಿದೆ. ನಿನ್ನ ಥರ ಬಾಯಿ ತೆರೆದುಕೊಂಡು ಕೂತಿಲ್ಲ. ಬೆಂಡು ಒಳ್ಳೇದೇ, ಆದ್ರೆ ಸಣ್ಣ ನೊಣಕ್ಕೆ ಕೆತ್ತೋಕೆ ಹೋದ್ರೆ ಪುಡಿ ಪುಡಿ. ಎಲ್ಲಕ್ಕಿಂತ ಮೇಲು ಬಾತುಕೋಳಿ ಬಾಲದ ಬುಡದ ಗರಿ. ಬಾತುಕೋಳಿ ಮೈಗೆ ಬಳ್ಕೊಳ್ಳೋ ಜಿಡ್ಡು ಹುಟ್ಟೋ ಜಾಗ ಅದು. ಎಳೆ ಎಳೆ ಬಿಡಿಬಿಡಿಯಾಗಿ ಗಾಳಿ ಹಿಡ್ಕೊಂಡಿರುತ್ತೆ. ಅದಕ್ಕೆ ಮಾತ್ರ ಎಣ್ಣೆ ಗಿಣ್ಣೆ ಮುಟ್ಟಿಸೀಯ, ಜೋಕೆ! ತೇಲ್ಲಿ ಅಂತ ಎಣ್ಣೆ ಹಚ್ಚಿದ್ಯೋ, ಎಳೆಯೆಲ್ಲ ಅಂಟಿಕೊಂಡು ಗಾಳಿ ಹೋಯ್ತು, ನೊಣಾನೂ ಹೋಯ್ತು.’ ಈ ಪಾಠವನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ಕೆಳಗಿನ ಬೇಕರಿಯವನಿಗೂ ಬಾಯಿಪಾಠವಾಗಿತ್ತು.

ಕೋಣೆಯ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬಿತ್ತು. ಕಟ್ಟಿದ ನೊಣಗಳಲ್ಲಿ ಕೆಲವನ್ನು ಅದರ ನೀರಿಗೆ ಹಾಕಿ, ಚಮಚದಿಂದ ತಳಕ್ಕೆ ಅದುಮಿ, ಎತ್ತಿ ಕೊಡವಿ, ಮತ್ತೆ ಹಾಕಿ, ಮತ್ತೆ ಅದುಮಿ ನೋಡುವುದು ಅಲ್ಲಿಯ ನಿಯಮ. ಒಂದು ಸಲ ತೇಲುವುದು ದೊಡ್ಡ ವಿಷಯವಲ್ಲ, ನೆಂದು ನೆಂದು ಮತ್ತೆ ತೇಲಬೇಕು. ಆದರೆ ದೊಡ್ಡಕ್ಕ ಆರಿಸಿದ ಮಾಲಿಗೆ ಆ ನಿಯಮವಿರಲಿಲ್ಲ. ಒಮ್ಮೆ ಯಾರೋ ಹೊಸಬಳು ಅವಳ ಮಾಲನ್ನು ಟಬ್ಬಿನ ಹತ್ತಿರ ಒಯ್ದಾಗ, ‘ನಾನು ಆರಿಸಿದ್ದನ್ನ ನೀನು ಪರೀಕ್ಷೆ ಮಾಡ್ತೀಯೇನೇ?’ ಅಂತ ಕೇಳಿದ್ದಳು. ಆ ಹುಡುಗಿ ಚಮಚವನ್ನು ಅಲ್ಲೇ ಬಿಟ್ಟು ಓಡಿದ್ದಳು. ಅಲ್ಲಿಂದಾಚೆ ಯಾರೂ ಆ ತಂಟೆಗೆ ಹೋಗಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಳೆದ ಚಳಿಗಾಲದಲ್ಲಿ ದೊಡ್ಡಕ್ಕನ ಬೆರಳು ಸತ್ತವು.

ಒಂದೇ ದಿನದಲ್ಲಿ ಅಲ್ಲ. ಮೊದಲು ಜುಮುಜುಮು, ಆಮೇಲೆ ಏನೋ ತೆಳು ಬಟ್ಟೆ ಸುತ್ತಿದ ಹಾಗೆ, ಆಮೇಲೆ ಏನೂ ಇಲ್ಲ. ಎರಡು ಕೈಯ ಹೆಬ್ಬೆರಳು, ತೋರುಬೆರಳು ಎರಡೂ ಹೋದವು. ಡಾಕ್ಟರು ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ ಅಂದರು. ಮಾತ್ರೆ ಬರೆದುಕೊಟ್ಟರು, ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟರು. ‘ಸ್ಪರ್ಶ ವಾಪಸ್ ಬರುತ್ತಾ?’ ಅಂತ ಕೇಳಿದ್ದಕ್ಕೆ ‘ನೋಡೋಣ’ ಅಂದರು. ಡಾಕ್ಟರು ನೋಡೋಣ ಅಂದರೆ ಏನರ್ಥ ಅಂತ ಯಾರಿಗೆ ಗೊತ್ತಿಲ್ಲ?

ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಗಂಡ ಬಸ್ ಡ್ರೈವರು, ಒಳ್ಳೆಯ ಮನುಷ್ಯ, ಆದರೆ ಬಾಯಿ ಭದ್ರವಿಲ್ಲ. ಅವನಿಗೆ ಹೇಳಿದರೆ ಸಂಜೆಯೊಳಗೆ ಬಸ್‌ನಲ್ಲಿ ಹತ್ತಿ ಇಳಿದವರಿಗೆಲ್ಲ ಗೊತ್ತಾಗುತ್ತಿತ್ತು. ಹೆದರಿಕೆ ಕಾಯಿಲೆಯದ್ದಲ್ಲ. ಹೆದರಿಕೆ ಆ ಕುರ್ಚಿಯದ್ದು. ಬೆರಳಿಲ್ಲದ ದೊಡ್ಡಕ್ಕನಿಗೆ ಆ ಮೇಜಿನ ಹಿಂದೆ ಏನು ಕೆಲಸ? ಕುರ್ಚಿ ಹೋದರೆ ಉಳಿಯುವುದು ಬರೀ ಬಾಯಿ. ಬರೀ ಬಾಯಿಯನ್ನು ಯಾರು ಸಹಿಸುತ್ತಾರೆ? ಇದನ್ನು ಅವಳು ತನಗೆ ತಾನೇ ಹೇಳಿಕೊಂಡು ಬಚ್ಚಲುಮನೆಯಲ್ಲಿ ಒಂದು ಸಲ ಅತ್ತೂ ಇದ್ದಳು.

ಹಾಗಾಗಿ ಮುಲಾಮಿನ ಡಬ್ಬಿ ಬ್ಯಾಗಿನ ತಳ ಸೇರಿತು. ಬೆಳಗ್ಗೆ ಒಮ್ಮೆ, ಊಟದ ಹೊತ್ತಲ್ಲಿ ಒಮ್ಮೆ, ಮಧ್ಯೆ ಧೈರ್ಯ ಕುಸಿದಾಗಲೆಲ್ಲ ಇನ್ನೊಮ್ಮೆ, ಕಾರ್ಖಾನೆಯ ಹಿಂದಿನ ಶೌಚಾಲಯದಲ್ಲಿ ನಿಂತು ಬೆರಳಿಗೆ ತಿಕ್ಕಿಕೊಂಡು, ಬಟ್ಟೆಗೆ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಪುದೀನದ ಘಾಟು. ಯಾರಾದರೂ ಕೇಳಿದರೆ ‘ತಲೆನೋವು’ ಅನ್ನುತ್ತಿದ್ದಳು. ಕೂದಲನ್ನು ಹಳೇ ಅಭ್ಯಾಸದಂತೆ ಹೊಸಕುತ್ತಿದ್ದಳು, ಕಣ್ಣಂದಾಜಿನಲ್ಲಿ ಆರಿಸುತ್ತಿದ್ದಳು, ಕೆಂಪು ದಾರ ಸುತ್ತುತ್ತಿದ್ದಳು. ದೂರು ಬರಲಿಲ್ಲ. ಒಂದು ತಿಂಗಳು ಹೋಯಿತು, ಇನ್ನೊಂದು ಹೋಯಿತು, ಒಂದೂ ದೂರಿಲ್ಲ. ‘ಎಷ್ಟು ವರ್ಷದ ಅನುಭವ, ಕಣ್ಣೇ ಬೆರಳಾಗಿದೆ’ ಅಂತ ಅವಳಿಗೆ ಅವಳ ಮೇಲೇ ಹೆಮ್ಮೆ ಬಂತು. ಬೈಗುಳವೂ ಸ್ವಲ್ಪ ಹೆಚ್ಚಾಯಿತು.

ಬೆರಳು ಸತ್ತ ಹೊಸದರಲ್ಲೇ ಒಂದು ಸಣ್ಣ ಜಗಳ ಆಗಿತ್ತು. ಟೀ ಬಂದಿತ್ತು. ದೊಡ್ಡಕ್ಕ ಗಾಜಿನ ಲೋಟ ಕೈಯಲ್ಲಿ ಹಿಡಿದುಕೊಂಡು ನಿಂತು, ಕತ್ತರಿ ಎಲ್ಲೋ ಇಟ್ಟು ಮರೆತಿದ್ದ ಚಿಕ್ಕಕ್ಕನಿಗೆ ಚೆನ್ನಾಗಿ ಬೈಯುತ್ತಿದ್ದಳು. ಬೈಗುಳ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಚಿಕ್ಕಕ್ಕ ಸಟಕ್ಕನೆ ಎದ್ದು ಬಂದು ಆ ಲೋಟವನ್ನು ಕೈಯಿಂದ ಕಿತ್ತುಕೊಂಡು ಮೇಜಿನ ಮೇಲೆ ಕುಕ್ಕಿದಳು. ಟೀ ಚೆಲ್ಲಿತು. ‘ನೋಡಿದ್ರಾ ಸೊಕ್ಕು! ಮಾತಾಡೋಕೆ ಬರಲ್ಲ, ಕೈ ಮಾಡೋಕೆ ಬರುತ್ತೆ!’ ಅಂತ ದೊಡ್ಡಕ್ಕ ಕೂಗಾಡಿದಳು. ಚಿಕ್ಕಕ್ಕ ‘ಹೂಂ ಅಕ್ಕ’ ಅಂದು ನೆಲ ಒರೆಸಿದಳು. ಅದನ್ನು ದೊಡ್ಡಕ್ಕ ಮರೆಯಲಿಲ್ಲ. ಮನೆಯಲ್ಲಿ, ದಾರಿಯಲ್ಲಿ, ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡಳು.

ಬೇಸಿಗೆ ಶುರುವಿನಲ್ಲಿ, ನೊಣಗಳಿಗೆ ಒಳ್ಳೆಯ ಬೇಡಿಕೆ ಇರುವ ಹೊತ್ತಿಗೆ, ನದೀ ಪಕ್ಕದ ಗಾಳದಂಗಡಿಯವನು ಖುದ್ದಾಗಿ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿದ್ದ ರಟ್ಟಿನ ಡಬ್ಬವನ್ನು ಮಾಲೀಕನ ಮುಂದೆ ಮಗುಚಿದ. ಬಾತುಕೋಳಿ ಗರಿಯ ನೊಣಗಳು, ಇದೇ ಕಾರ್ಖಾನೆಯ ಅತಿ ನಾಜೂಕಿನ ಮಾಲು.

‘ಮೊದಲನೇ ಸಲ ಎಸೆದ್ರೆ ತೇಲುತ್ತೆ. ಎರಡನೇ ಸಲ ಯೋಚನೆ ಮಾಡುತ್ತೆ. ಮೂರನೇ ಸಲ ತಳ ಸೇರುತ್ತೆ. ನನ್ನ ಗಿರಾಕಿಗಳು ನನ್ನನ್ನೇ ನದಿಗೆ ಎಸೀತೀವಿ ಅಂತಿದಾರೆ’ ಅಂದ.

ಮಾಲೀಕನ ಮುಖ ಸಣ್ಣದಾಯಿತು. ಹಳೇ ಯಜಮಾನರ ಮಗ ಅವನು. ಅಂಗಿ ಗುಂಡಿ ಹಾಕಲು ಬರದ ಕಾಲದಿಂದಲೂ ದೊಡ್ಡಕ್ಕ ನೋಡಿದ ಹುಡುಗ, ಈಗ ಮೀಸೆಯಲ್ಲಿ ಬಿಳಿ ಬಂದರೂ ಅವಳ ಬಾಯಲ್ಲಿ ‘ಮರಿ ಯಜಮಾನ’. ಅವನು ಎಲ್ಲರ ಮುಂದೆಯೇ ಕೇಳಿದ, ‘ದೊಡ್ಡಕ್ಕ, ಗರಿ ಏನಾದ್ರೂ ಹೆಚ್ಚುಕಮ್ಮಿ ಇತ್ತಾ?’

ದೊಡ್ಡಕ್ಕನ ಎದೆ ಧಸಕ್ಕೆಂದಿತು. ಆದರೆ ನಾಲಿಗೆ ಎದೆಗಿಂತ ಚುರುಕು. ‘ಗರಿಗೆ ಏನಾಗಿದೆ? ನನ್ನ ಗರಿ ಚಿನ್ನ. ಕಟ್ಟಿದವಳನ್ನ ಕೇಳು. ಗೋಣಿಚೀಲ ಹೊಲಿದ ಹಾಗೆ ಬಿಗಿದಿರ್ತಾಳೆ. ದಾರ ಜಾಸ್ತಿ ಬಿಗಿದ್ರೆ ಗಾಳಿ ಎಲ್ಲಿ ನಿಲ್ಲುತ್ತೆ? ಗಂಟು ಬಿಚ್ಚದಿರ್ಲಿ ಅಂತ ಮೇಲೆ ವಾರ್ನಿಷು ಬೇರೆ ಬಳಿದಿರ್ತಾಳೆ.’

ಆ ಮಾಲನ್ನು ಕಟ್ಟಿದವಳು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಬಾತುಕೋಳಿ ಗರಿ ಕಟ್ಟುವ ನಯ ಇದ್ದದ್ದು ಚಿಕ್ಕಕ್ಕನ ಕೈಯಲ್ಲಿ ಮಾತ್ರ. ಅವಳು ತಲೆ ಎತ್ತಿ ದೊಡ್ಡಕ್ಕನನ್ನು ನೋಡಿದಳು, ಮಾಲೀಕನನ್ನು ನೋಡಿದಳು. ‘ಇರಬಹುದು’ ಅಂದಳು.

‘ಇರಬಹುದು ಅಂದ್ರೆ?’

‘ಬಿಗಿಯಾಗಿರಬಹುದು.’

ಮಾಲೀಕ ಕೆಟ್ಟವನಲ್ಲ, ಆದರೆ ಗಿರಾಕಿ ಎದುರಿಗೆ ನಿಂತಿದ್ದ. ‘ನಾಳೆಯಿಂದ ನೀವು ಪ್ಯಾಕಿಂಗ್ ಕಡೆ ಇರಿ ಚಿಕ್ಕಕ್ಕ. ಕಟ್ಟೋದನ್ನ ಸದ್ಯಕ್ಕೆ ಬೇರೆಯವರು ನೋಡ್ಕೊಳ್ಳಲಿ’ ಅಂದುಬಿಟ್ಟ. ಚಿಕ್ಕಕ್ಕ ತನ್ನ ಇಕ್ಕಳದಲ್ಲಿ ಅರ್ಧ ಕಟ್ಟಿದ್ದ ನೊಣವನ್ನು ಪೂರ್ತಿ ಮಾಡಿ, ದಾರ ಕತ್ತರಿಸಿ, ಎದ್ದು ಮುಖ ತೊಳೆಯಲು ಹೋದಳು. ಬಹಳ ಹೊತ್ತು ಬರಲಿಲ್ಲ.

ದೊಡ್ಡಕ್ಕ ಗೆದ್ದಿದ್ದಳು. ಆದರೆ ಸಂಜೆ ಎಲ್ಲರೂ ಹೊರಟ ಮೇಲೂ ಅವಳು ಕೂತೇ ಇದ್ದಳು. ಚಿಕ್ಕಕ್ಕ ಬಾಗಿಲಲ್ಲಿ ನಿಂತು ‘ಬರ್ತೀರಾ ಅಕ್ಕ?’ ಅಂದಾಗ ‘ನೀನು ಹೋಗು’ ಅಂದಳು. ತನ್ನ ಮಾತು ನಿಜ ಅಂತ ತನಗೇ ಒಂದು ಸಲ ತೋರಿಸಿಕೊಳ್ಳಬೇಕಿತ್ತು. ಒಂದೇ ಒಂದು ಬಿಗಿಯಾದ ಗಂಟು ಸಿಕ್ಕರೆ ಸಾಕು, ನೆಮ್ಮದಿಯಾಗಿ ಮನೆಗೆ ಹೋಗಬಹುದು.

ವಾಪಸು ಬಂದ ನೊಣಗಳಲ್ಲಿ ಒಂದನ್ನು ಇಕ್ಕಳಕ್ಕೆ ಕಚ್ಚಿಸಿ, ಬ್ಲೇಡಿನ ತುದಿಯಿಂದ ತಲೆಯ ಗಂಟು ಬಿಡಿಸಿ, ದಾರವನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ದಾರ ಸರಾಗವಾಗಿ ಬಂತು. ಎಲ್ಲೂ ಕಚ್ಚಿಕೊಂಡಿಲ್ಲ, ಎಲ್ಲೂ ವಾರ್ನಿಷಿಲ್ಲ. ಇನ್ನೊಂದನ್ನು ಬಿಚ್ಚಿದಳು. ಅದೂ ಹಾಗೇ. ಇಷ್ಟು ಚೆಂದದ ಕಟ್ಟು ತಾನು ಬೆರಳು ಸರಿಯಿದ್ದ ಕಾಲದಲ್ಲೂ ಕಟ್ಟಿರಲಿಲ್ಲ. ಕೊನೆಗೆ ಗರಿ ಉಳಿಯಿತು. ಅದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಎಳೆಗಳು ಬಿಡಿಬಿಡಿಯಾಗಿರಲಿಲ್ಲ, ನೆಂದ ಬೆಕ್ಕಿನ ಮೈಯಂತೆ ಒಂದಕ್ಕೊಂದು ಅಂಟಿಕೊಂಡು ಹೊಳೆಯುತ್ತಿದ್ದವು. ಮೂಗಿನ ಹತ್ತಿರ ತಂದಳು. ಪುದೀನ.

ಅಯ್ಯೋ ದೇವರೇ. ಗರಿಗೆ ಎಣ್ಣೆ ಮುಟ್ಟಿಸೀಯ ಜೋಕೆ ಅಂತ ಲೋಕಕ್ಕೆಲ್ಲ ಪಾಠ ಹೇಳಿದವಳು, ದಿನವೂ ಮುಲಾಮಿನ ಕೈಯಲ್ಲಿ ಆ ಗರಿಗಳನ್ನು ಒಂದೊಂದಾಗಿ ಸವರಿ, ಆರಿಸಿ, ಡಬ್ಬಕ್ಕೆ ತುಂಬಿದ್ದಳು. ಜಿಡ್ಡು ತಾಗಿದ್ದು ಗೊತ್ತಾಗಲು ಬೆರಳಲ್ಲಿ ಜೀವ ಎಲ್ಲಿತ್ತು?

ಗರಿ ಹೋಗಲಿ, ಕೂದಲಾದರೂ ಸರಿಯಿತ್ತಲ್ಲ, ಅದರ ಬಗ್ಗೆ ಒಂದೂ ದೂರಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದಳು. ಚಿಕ್ಕಕ್ಕನ ಮೇಜಿನಲ್ಲಿ ಮಿಕ್ಕ ಗರಿ ಏನಾದರೂ ಇದೆಯೇ ನೋಡೋಣ ಅಂತ ಡ್ರಾಯರ್ ಎಳೆದಳು. ಗರಿ ಇರಲಿಲ್ಲ. ಡ್ರಾಯರ್ ತುಂಬ ಜಿಂಕೆ ಕೂದಲಿನ ಕಟ್ಟುಗಳು. ಎಲ್ಲಕ್ಕೂ ಕೆಂಪು ದಾರ. ತಾನೇ ಪಾಸು ಮಾಡಿ, ತಾನೇ ದಾರ ಸುತ್ತಿ ಕೊಟ್ಟವು. ಕಟ್ಟಬೇಕಾದವಳು ಕಟ್ಟದೆ ಇಲ್ಲಿ ಯಾಕೆ ತುಂಬಿಟ್ಟಿದ್ದಾಳೆ? ಭೂತಗನ್ನಡಿ ತಂದು, ಒಂದು ಕೂದಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದಳು. ಗಟ್ಟಿ. ಇನ್ನೊಂದು ಕಟ್ಟು. ಗಟ್ಟಿ. ಮತ್ತೊಂದು. ಕಾಲಿನ ಕೂದಲು, ಕಾಲಿನ ಕೂದಲು, ಕಾಲಿನ ಕೂದಲು.

ಚಳಿಗಾಲದಿಂದ ಅವಳು ತಪ್ಪಾಗಿ ಆರಿಸಿದ್ದನ್ನೆಲ್ಲ ಓರಗಿತ್ತಿ ಸದ್ದಿಲ್ಲದೆ ತೆಗೆದಿಟ್ಟು, ಮೂಟೆಯಿಂದ ಒಳ್ಳೆಯದನ್ನು ತಾನೇ ಹುಡುಕಿ ಕಟ್ಟಿದ್ದಳು. ಭೂತಗನ್ನಡಿ ಹಿಡಿದು ಒಂದೊಂದೇ ಕೂದಲು ನೋಡಬೇಕಾದ ಕೆಲಸ. ಅದಕ್ಕೇ ಅವಳು ಇತ್ತೀಚೆಗೆ ಊಟಕ್ಕೆ ಏಳುತ್ತಿರಲಿಲ್ಲ. ‘ಕೆಲಸ ನಿಧಾನ, ಊಟಾನೂ ನಿಧಾನ’ ಅಂತ ಅದಕ್ಕೂ ದೊಡ್ಡಕ್ಕ ಬೈದಿದ್ದಳು. ದೊಡ್ಡಕ್ಕನಿಗೆ ಅಲ್ಲಿಯೇ, ಆ ತೆರೆದ ಡ್ರಾಯರಿನ ಮುಂದೆ, ನಾಚಿಕೆಯಿಂದ ಮುಖ ಬಿಸಿಯಾಯಿತು. ಬಾಯಿ ತೆರೆದಳು, ಬೈಯಲು ಯಾರೂ ಇರಲಿಲ್ಲ.

ಮನೆ ಎಂದರೆ ಅಕ್ಕಪಕ್ಕದ ಎರಡು ಭಾಗ, ನಡುವೆ ಒಂದು ಅಡುಗೆಮನೆ ಗೋಡೆ. ಅಂದು ಊಟಕ್ಕೆ ಕೂತಾಗ ಗಂಡ ಅತ್ತಿತ್ತ ನೋಡಿ, ‘ಏನಿದು, ಮನೆ ಇಷ್ಟು ತಣ್ಣಗಿದೆ? ಯಾರಿಗೆ ಜ್ವರ?’ ಅಂದ.

‘ಬಾಯಿ ಮುಚ್ಕೊಂಡು ತಿನ್ನಿ’ ಅಂದಳು.

‘ಸದ್ಯ, ಗಟ್ಟಿಮುಟ್ಟಾಗಿದೀಯ’ ಅಂದು ಅವನು ತಿಂದ.

ಗೋಡೆಯ ಆಚೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವಳು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಏನಾಗುತ್ತದೆ? ಇನ್ನು ಗರಿ ಮುಟ್ಟುವಾಗ ಚಿಮುಟ ಬಳಸಿದರಾಯಿತು. ಮುಲಾಮು ಮನೆಯಲ್ಲೇ ಹಚ್ಚಿದರಾಯಿತು. ಕೆಲವು ತಿಂಗಳಲ್ಲಿ ಮರಿ ಯಜಮಾನನ ಕೋಪ ಇಳಿದು ಚಿಕ್ಕಕ್ಕ ತನ್ನ ಮೇಜಿಗೆ ವಾಪಸು ಬರುತ್ತಾಳೆ. ಅವಳು ಬಾಯಿ ಬಿಡುವವಳಂತೂ ಅಲ್ಲ. ಲೆಕ್ಕವೆಲ್ಲ ಸರಿ ಇತ್ತು. ಆದರೆ ಪ್ಯಾಕಿಂಗ್ ಕಡೆಗೆ ಹೋದವಳು ಕೂದಲು ಯಾವಾಗ ಬದಲಾಯಿಸುತ್ತಾಳೆ? ಮುಂದಿನ ಡಬ್ಬ ಮಗುಚಿದಾಗ ಆ ಕೂದಲು ಕಟ್ಟಿದ ಇನ್ಯಾರನ್ನೋ ತೋರಿಸಬೇಕು. ಅದರ ಮುಂದಿನದಕ್ಕೆ ಮತ್ತೊಬ್ಬಳನ್ನು. ಹಾಗೆ ಒಬ್ಬೊಬ್ಬರನ್ನೇ ನುಂಗಿ ಆ ಕುರ್ಚಿಯಲ್ಲಿ ಕೂರಬೇಕು. ಅದನ್ನು ನೆನೆದರೇ ಅವಳಿಗೆ ಅನ್ನ ಇಳಿಯಲಿಲ್ಲ.

ಮರುದಿನ ಚಿಕ್ಕಕ್ಕ ತನ್ನ ಮೇಜಿನಿಂದ ಕತ್ತರಿ, ಬ್ರಷ್ಷು ಎತ್ತಿಕೊಳ್ಳುತ್ತಿದ್ದಳು. ಮಾಲೀಕ ಬಂದು ನಿಂತಿದ್ದ. ಹೆಂಗಸರೆಲ್ಲ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಂತೆ ನಟಿಸುತ್ತಿದ್ದರು.

‘ಏ ಇವಳೇ, ಇಡು ಅದನ್ನ’ ಅಂದಳು ದೊಡ್ಡಕ್ಕ. ‘ಎರಡು ನೊಣ ಕಟ್ಟು. ಒಂದಕ್ಕೆ ನನ್ನ ಡಬ್ಬದ ಗರಿ ತಗೋ. ಇನ್ನೊಂದಕ್ಕೆ ಚೀಲದಿಂದ ಚಿಮುಟದಲ್ಲಿ ಎತ್ತು, ನಾನು ಮುಟ್ಟದೇ ಇರೋದನ್ನ.’

ಚಿಕ್ಕಕ್ಕನ ಕೈ ನಿಂತಿತು. ‘ಬೇಡ ಅಕ್ಕ’ ಅಂದಳು.

‘ಕಟ್ಟು ಅಂದ್ರೆ ಕಟ್ಟು.’

‘ಅಕ್ಕ, ಬೇಡ. ನಾನು ಪ್ಯಾಕಿಂಗಿಗೆ ಹೋಗ್ತೀನಿ. ನನಗೇನೂ ಬೇಜಾರಿಲ್ಲ.’

‘ನಿನ್ನ ಬೇಜಾರು ಯಾರು ಕೇಳಿದ್ರು? ಕಟ್ಟು!’

ಕಟ್ಟಿದಳು. ಒಂದೇ ಕೈ, ಒಂದೇ ದಾರ, ಒಂದೇ ಅಳತೆಯ ಕೊಕ್ಕೆ. ದೊಡ್ಡಕ್ಕ ಎರಡನ್ನೂ ನೀಲಿ ಟಬ್ಬಿಗೆ ಹಾಕಿದಳು. ಎರಡೂ ತೇಲಿದವು. ಚಮಚದಿಂದ ತಳಕ್ಕೆ ಅದುಮಿ, ಎತ್ತಿ, ಕೊಡವಿ, ಮತ್ತೆ ಹಾಕಿದಳು. ಒಂದು ಎದ್ದು ಕೂತಿತು, ಇನ್ನೊಂದು ವಾಲಿತು. ಮತ್ತೆ ಅದುಮಿ, ಎತ್ತಿ, ಕೊಡವಿ ಹಾಕಿದಾಗ ವಾಲಿದ್ದು ನಿಧಾನವಾಗಿ, ಎಲ್ಲರ ಕಣ್ಣೆದುರಿಗೇ, ತಳ ಸೇರಿತು. ಹೆಂಗಸರು ನಟನೆ ಬಿಟ್ಟು ಎದ್ದು ಬಂದು ಸುತ್ತ ನಿಂತಿದ್ದರು.

‘ಮುಳುಗಿದ್ದು ನನ್ನ ಡಬ್ಬದ ಗರಿ’ ಅಂದಳು ದೊಡ್ಡಕ್ಕ. ‘ಮೂಸಿ ನೋಡು, ಮುಲಾಮಿನ ವಾಸನೆ ಬರುತ್ತೆ. ನನ್ನ ಬೆರಳು ಸತ್ತು ಹೋಗಿದೆ ಕಣೋ. ಚಳಿಗಾಲದಿಂದ. ಕಲ್ಲು ಹಿಡಿದ್ರೂ ಗೊತ್ತಾಗಲ್ಲ, ಹತ್ತಿ ಹಿಡಿದ್ರೂ ಗೊತ್ತಾಗಲ್ಲ.’

ಮಾಲೀಕ ಅವಳ ಕೈಯನ್ನೇ ನೋಡಿದ. ‘ಚಳಿಗಾಲದಿಂದಾನಾ? ಮತ್ತೆ ಇಷ್ಟು ದಿನ ಕೂದಲು ಹೇಗೆ ಸರಿ ಬಂತು ದೊಡ್ಡಕ್ಕ?’

ದೊಡ್ಡಕ್ಕ ಚಿಕ್ಕಕ್ಕನ ಡ್ರಾಯರನ್ನು ಎಳೆದು ತೆಗೆದು, ಅಗಲ ಮೇಜಿನ ಮೇಲೆ ಮಗುಚಿದಳು. ಕೆಂಪು ದಾರದ ಕಟ್ಟುಗಳು ಉರುಳಿದವು, ಕೆಲವು ನೆಲಕ್ಕೂ ಬಿದ್ದವು. ‘ಹೀಗೆ ಸರಿ ಬಂತು. ನಾನು ಕೆಡಿಸಿದ್ದನ್ನೆಲ್ಲ ಇವಳು ಕೂತು ಸರಿ ಮಾಡಿದ್ಳು. ನಿನ್ನೆ ನಾನು ಇವಳ ಮೇಲೇ ಹೊರಿಸಿದೆ. ನೀನೂ ನಂಬಿದೆ. ನಾನು ಬಾಯಿ ಮಾಡ್ತೀನಿ ಅಂತ ನನ್ನ ಮಾತು ನಂಬೋದಾ, ಇವಳು ಮಾತಾಡಲ್ಲ ಅಂತ ಇವಳನ್ನ ಎತ್ತಿ ಪ್ಯಾಕಿಂಗಿಗೆ ಹಾಕೋದಾ? ಬುದ್ಧಿ ಇದೆಯೇನೋ ನಿನಗೆ? ನಿಮ್ಮಪ್ಪ ಇದ್ದಿದ್ರೆ ನಮ್ಮಿಬ್ಬರಿಗೂ ಸೇರಿಸಿ ಬೈತಿದ್ರು.’ ಅವಳು ಕೈಯುಳ್ಳ ಕುರ್ಚಿಯ ಕಡೆ ಕೈ ತೋರಿಸಿದಳು. ‘ಕುರ್ಚಿ ಅವಳಿಗೆ ಕೊಡು. ನನ್ನನ್ನ ಪ್ಯಾಕಿಂಗಿಗೆ ಹಾಕ್ತೀಯೋ, ಮನೆಗೆ ಕಳಿಸ್ತೀಯೋ, ನಿನ್ನಿಷ್ಟ.’

ಆಗ ಮಾತಾಡಿದವಳು ಚಿಕ್ಕಕ್ಕ. ಅಷ್ಟು ಉದ್ದದ ಮಾತು ಅವಳ ಬಾಯಿಂದ ಆ ಕೋಣೆ ಯಾವತ್ತೂ ಕೇಳಿರಲಿಲ್ಲ.

‘ಟಬ್ಬಿಗೆ ಒಬ್ಬರು ಬೇಕು ಯಜಮಾನ್ರೇ. ಯಾರ ಮಾಲೇ ಆಗ್ಲಿ, ಅದ್ದಿ ನೋಡದೆ ಹೊರಗೆ ಹೋಗಬಾರದು. ಅದನ್ನ ಗಟ್ಟಿಯಾಗಿ ಹೇಳೋರು ಬೇಕು. ನನಗೆ ಹೇಳೋಕೆ ಬರಲ್ಲ. ಅಕ್ಕನಿಗೆ ಬರುತ್ತೆ.’

ಯಾರೋ ಕಿಸಕ್ಕೆಂದರು. ಮಾಲೀಕ ಬೆವರು ಒರೆಸಿಕೊಂಡು, ‘ಹಾಗೇ ಮಾಡಿ’ ಅಂದ. ಗಾಳದಂಗಡಿಯವನಿಗೆ ಹೊಸ ಮಾಲು ಕಳಿಸುತ್ತೇನೆ ಅಂತ ಫೋನ್ ಮಾಡಲು ಹೋದ. ದೊಡ್ಡಕ್ಕ ಕೈಯುಳ್ಳ ಕುರ್ಚಿಯ ಬೆನ್ನು ಹಿಡಿದು ಎಳೆದಳು. ಚಿಕ್ಕಕ್ಕ ನಿಂತೇ ಇದ್ದಳು.

‘ಕೂತ್ಕೋ.’

‘ಅಕ್ಕ...’

‘ಕೂತ್ಕೋ ಅಂದ್ನಲ್ಲ. ಕೂತ್ಕೊಳ್ಳೋಕೂ ನಾನೇ ಬೈಬೇಕಾ?’

ಅವಳು ಕುರ್ಚಿಯ ಅಂಚಿಗೆ ಕೂತಳು. ದೊಡ್ಡಕ್ಕ ಕೆಂಪು ದಾರದ ಉಂಡೆಯನ್ನು ಅವಳ ಮುಂದಿಟ್ಟು, ಒಂದು ಮುಕ್ಕಾಲಿ ಎಳೆದುಕೊಂಡು ಟಬ್ಬಿನ ಪಕ್ಕ ಹೋಗಿ ಕೂತಳು. ಮುಕ್ಕಾಲಿ ಗಿಡ್ಡ, ಅಲ್ಲಿಂದ ನೋಡಿದರೆ ಕೋಣೆ ಬೇರೆಯೇ ಆಗಿ ಕಾಣುತ್ತಿತ್ತು. ಬೆಳಗ್ಗೆಯೆಲ್ಲ ಅವಳು ನೊಣ ಅದುಮಿದಳು, ಎತ್ತಿದಳು, ಕೊಡವಿದಳು. ನೀರು ತಣ್ಣಗಿದೆಯೋ ಇಲ್ಲವೋ ಅವಳ ಬೆರಳಿಗೆ ಗೊತ್ತಾಗಲಿಲ್ಲ. ಎರಡು ಸಲ ಕಣ್ಣು ಒರೆಸಿಕೊಂಡಳು, ನೋಡಿದವರಿಗೆ ‘ನೀರು ಹಾರಿತು’ ಅಂದಳು.

ಟೀ ಹೊತ್ತಿಗೆ ಚಿಕ್ಕಕ್ಕ ಎರಡು ಲೋಟ ಹಿಡಿದು ಅವಳ ಹತ್ತಿರ ಬಂದು ಕೂತಳು. ದೊಡ್ಡಕ್ಕ ಮುಖ ನೋಡದೆ ಕೇಳಿದಳು. ‘ನಿನಗೆ ಯಾವಾಗ ಗೊತ್ತಾಯ್ತು?’

‘ಲೋಟ ಕಿತ್ಕೊಂಡೆನಲ್ಲ, ಅವತ್ತೇ.’

‘ಯಾವ ಲೋಟ?’

‘ಟೀ ಕುದೀತಿತ್ತು ಅಕ್ಕ. ನನಗೆ ಅಂಚು ಹಿಡಿಯೋಕೂ ಆಗ್ತಿರಲಿಲ್ಲ. ನೀವು ಬೆರಳಲ್ಲಿ ಬಿಗಿಯಾಗಿ ಹಿಡ್ಕೊಂಡು ಬೈತಾನೇ ಇದ್ರಿ, ಬೈತಾನೇ ಇದ್ರಿ. ಬೆರಳು ಕೆಂಪಗಾಗ್ತಾ ಇತ್ತು.’

ಅವತ್ತು ಸಂಜೆ ಬೆರಳಲ್ಲಿ ಎದ್ದಿದ್ದ ಬೊಬ್ಬೆ ದೊಡ್ಡಕ್ಕನಿಗೆ ನೆನಪಾಯಿತು. ಒಲೆಯ ಮುಂದೆ ಎಲ್ಲೋ ತಾಗಿರಬೇಕು ಅಂದುಕೊಂಡಿದ್ದಳು. ಆ ಲೋಟದ ಕಥೆಯನ್ನು, ಓರಗಿತ್ತಿಯ ಸೊಕ್ಕಿನ ಕಥೆಯನ್ನು, ಆ ಬೊಬ್ಬೆಯ ಕೈಯನ್ನೇ ಆಡಿಸಿಕೊಂಡು ಸಿಕ್ಕಿದವರಿಗೆಲ್ಲ ಹೇಳಿದ್ದಳು.

‘ಹೇಳಬಾರದಿತ್ತೇನೇ?’ ಅಂದಳು, ಬಹಳ ಸಣ್ಣ ದನಿಯಲ್ಲಿ.

‘ನೀವು ಉಸಿರು ತಗೊಳ್ಳೋಕೆ ನಿಲ್ಲಿಸ್ತೀರಿ ಅಂತ ಕಾದೆ’ ಅಂದಳು ಚಿಕ್ಕಕ್ಕ. ತುಟಿಯ ಮೂಲೆಯಲ್ಲಿ ನಗು ಇತ್ತು. ‘ಕೂದಲು ಸರಿ ಮಾಡಿದೆ. ಗರಿ ಗೊತ್ತಾಗ್ಲಿಲ್ಲ ಅಕ್ಕ. ಪುದೀನದ ವಾಸನೆ ನಿಮ್ಮಿಂದ ಬರ್ತಿದೆ ಅಂದ್ಕೊಂಡಿದ್ದೆ.’

ದೊಡ್ಡಕ್ಕ ನಕ್ಕಳು, ನಗುನಗುತ್ತಲೇ ಅತ್ತಳು, ಎರಡನ್ನೂ ಮುಚ್ಚಿಡಲು ಹೋಗಲಿಲ್ಲ. ಆಮೇಲೆ ಮುಂದಿದ್ದ ಲೋಟದ ಕಡೆ ಕೈ ಚಾಚಿದವಳು ನಡುವೆಯೇ ನಿಲ್ಲಿಸಿದಳು.

‘ಬಿಸಿ ಇದೆಯೇನೇ?’ ಅಂತ ಕೇಳಿದಳು.

ಚಿಕ್ಕಕ್ಕ ತನ್ನ ಬೆರಳನ್ನು ಲೋಟಕ್ಕೆ ತಾಗಿಸಿ ನೋಡಿದಳು. ‘ಇದೆ ಅಕ್ಕ. ಸ್ವಲ್ಪ ತಡೀರಿ.’

ದೊಡ್ಡಕ್ಕ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಮಾತೂ ಆಡದೆ, ತಡೆದಳು.